ದುರಂತ ನಾಟಕವೂ ಪ್ರೌಢಶಾಲೆಯೂ

ದುರಂತ ನಾಟಕವೊಂದನ್ನು ಹದಿನಾಲ್ಕು ಹದಿನೈದು ವರ್ಷದ ವಿದ್ಯಾರ್ಥಿಗಳಿಗೆ ಬೋಧಿಸಲು ಹೊರಟ ಉಪಾಧ್ಯಾಯರಿಗೆ ಮೊದಲು ತೋಚುವ ಪ್ರಶ್ನೆ, ನಾಯಕನ ದೋಷವೇನು ಎಂಬುದು. ಮ್ಯಾಕ್‌ಬೆತ್ತನದು ರಾಜ್ಯದಾಹ, ಒಥೆಲೊನದು ಸಂಶಯ, ಲಿಯರನದು ಮುಖಸ್ತುತಿಗೆ ಮರುಳಾಗುವ ಮುದಿತನ, ದುರ್ಯೋಧನನದು ಛಲ. ದೋಷವನ್ನು ಹೆಸರಿಸಿದೊಡನೆ ಅದರಿಂದ ಪತನ, ಪತನದಿಂದ ನೀತಿ, ನೀತಿಯಿಂದ ನಾಲ್ಕು ಅಂಕದ ಉತ್ತರ, ಹೀಗೆ ಒಂದರಿಂದೊಂದು ತಾನಾಗಿಯೇ ಇಳಿದುಬರುತ್ತದೆ. ಪಾಠ ಬೇಗ ಮುಗಿಯುತ್ತದೆ, ಟಿಪ್ಪಣಿ ಬರೆಸುವುದೂ ಸುಲಭ. ಆದರೆ ನಾಟಕ ಮಾತ್ರ ತರಗತಿಯ ಹೊರಗೇ ಉಳಿದುಬಿಡುತ್ತದೆ. ತಪ್ಪು ಮಾಡಿದವನಿಗೆ ತಕ್ಕ ಶಾಸ್ತಿಯಾಯಿತೆಂಬ ಕಥೆಯನ್ನು ಕೇಳುವುದಕ್ಕಾಗಿ ಗ್ರೀಕ್ ನಾಟಕಕಾರ ಸಾಫೊಕ್ಲೀಸನವರೆಗೆ ಹೋಗಬೇಕಾದ ಅಗತ್ಯವಿಲ್ಲ. ಪಂಚತಂತ್ರದಲ್ಲಿಯೇ ಅಂಥ ಕಥೆಗಳು ಬೇಕಾದಷ್ಟಿವೆ. ದುರಂತ ನಾಟಕ ಎಳೆಯರಿಗೆ ಕೊಡಬಲ್ಲ ವಿಶಿಷ್ಟವಾದ ಶಿಕ್ಷಣ ಬೇರೆ: ತನಗೆ ಒಪ್ಪಿಗೆಯಿಲ್ಲದ ಪಕ್ಷವನ್ನು, ಅದರ ಪೂರ್ಣ ಬಲದೊಡನೆ, ಕಡೆಯವರೆಗೆ ಕೇಳುವ ಶಿಕ್ಷಣ ಅದು. ದೋಷಾನ್ವೇಷಣೆಯಿಂದ ಆರಂಭವಾದ ಬೋಧನೆ ಆ ಶಿಕ್ಷಣಕ್ಕೆ ಮೊದಲನೆಯ ಪೀರಿಯಡ್ಡಿನಲ್ಲಿಯೇ ಬಾಗಿಲು ಮುಚ್ಚುತ್ತದೆಂಬುದು ನನ್ನ ವಾದ.

ಈ ವಾದವನ್ನು ಒಂದೇ ಕೃತಿಯನ್ನು ಎದುರಿಗಿಟ್ಟುಕೊಂಡು ನಡೆಸುವುದು ಲೇಸು. ಕ್ರಿಸ್ತಪೂರ್ವ 441ರ ಸುಮಾರಿಗೆ ಅಥೆನ್ಸಿನಲ್ಲಿ ಪ್ರಯೋಗವಾಯಿತೆಂದು ವಿದ್ವಾಂಸರು ಎಣಿಸುವ 'ಅಂತಿಗೊನೆ' ನಾಟಕ, ನೂರಿಪ್ಪತ್ತಕ್ಕೂ ಮಿಕ್ಕ ನಾಟಕಗಳನ್ನು ರಚಿಸಿದನೆಂದು ಖ್ಯಾತನಾದ ಸಾಫೊಕ್ಲೀಸನ ಕೃತಿಗಳಲ್ಲಿ ಇಡಿಯಾಗಿ ನಮಗೆ ಉಳಿದುಬಂದಿರುವ 7ರಲ್ಲಿ ಒಂದು. ಮೂಲದಲ್ಲಿ ಅದು ಸುಮಾರು 1350 ಸಾಲುಗಳಷ್ಟು ಮಾತ್ರ ಉದ್ದ. ಕನ್ನಡಕ್ಕೆ ಗ್ರೀಕ್ ರುದ್ರನಾಟಕದ ಗಾಂಭೀರ್ಯವನ್ನು ತಂದ ಕೀರ್ತಿ ಬಿ. ಎಂ. ಶ್ರೀಕಂಠಯ್ಯನವರಿಗೆ ಸಲ್ಲತಕ್ಕದ್ದಾದರೂ, ಸಾಫೊಕ್ಲೀಸನ 'ಏಜಾಕ್ಸ್' ನಾಟಕವನ್ನು ಆಧರಿಸಿ ಅವರು 1929ರಲ್ಲಿ ಪ್ರಕಟಿಸಿದ 'ಅಶ್ವತ್ಥಾಮನ್' ಹಳಗನ್ನಡದ ಬಿಗುವಿನಿಂದ ಕೂಡಿರುವುದರಿಂದ ಇಂದಿನ ಪ್ರೌಢಶಾಲೆಯ ಹುಡುಗನಿಗೆ ಭಾಷೆಯೇ ಮೊದಲ ಗೋಡೆಯಾದೀತು. ಪಿ. ಲಂಕೇಶರು 'ದೊರೆ ಈಡಿಪಸ್'ನೊಂದಿಗೆ ಹೊಸಗನ್ನಡಕ್ಕೆ ತಂದ 'ಅಂತಿಗೊನೆ'ಗೆ ಆ ತೊಡಕಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅದರ ನಾಯಕಿ ಇನ್ನೂ ಮದುವೆಯಾಗದ ಹುಡುಗಿ. ಆಕೆಯ ಎದುರಿಗೆ ನಿಂತಿರುವವನು ಆಕೆಯ ಸೋದರಮಾವ. ಆಕೆಯನ್ನು ವರಿಸಬೇಕಾಗಿರುವವನು ಆ ಸೋದರಮಾವನ ಮಗ. ಈ ಬಾಂಧವ್ಯದ ತೂಕವೆಷ್ಟೆಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಥೆ ಸಂಕ್ಷಿಪ್ತವಾದದ್ದು. ಈಡಿಪಸ್ಸನ ಇಬ್ಬರು ಗಂಡುಮಕ್ಕಳು ಥೀಬ್ಸ್ ನಗರದ ಸಿಂಹಾಸನಕ್ಕಾಗಿ ಹೋರಾಡಿ ಒಬ್ಬರ ಕೈಯಿಂದ ಒಬ್ಬರು ಹತರಾಗಿದ್ದಾರೆ. ಎಟಿಯೊಕ್ಲೀಸ್ ನಗರವನ್ನು ಕಾಯುತ್ತ ಮಡಿದವನು, ಪಾಲಿನೈಸೀಸ್ ಪರರಾಜ್ಯದ ಸೈನ್ಯವನ್ನು ಹುಟ್ಟಿದೂರಿನ ಮೇಲೆ ತಂದು ಮಡಿದವನು. ಸಿಂಹಾಸನಕ್ಕೆ ಬಂದ ಸೋದರಮಾವ ಕ್ರಿಯಾನ್, ಮೊದಲನೆಯವನಿಗೆ ಸಕಲ ಮರ್ಯಾದೆಯ ಸಂಸ್ಕಾರವೆಂದೂ, ಎರಡನೆಯವನ ಶವ ನಾಯಿ ಹದ್ದುಗಳ ಪಾಲಾಗತಕ್ಕದ್ದೆಂದೂ, ಅದನ್ನು ಮಣ್ಣುಮಾಡಿದವರಿಗೆ ಮರಣದಂಡನೆಯೆಂದೂ ವಿಧಿಸುತ್ತಾನೆ. ತಂಗಿ ಅಂತಿಗೊನೆ ಆಜ್ಞೆಯನ್ನು ಮೀರಿ ಅಣ್ಣನ ಮೇಲೆ ಮಣ್ಣು ಚೆಲ್ಲುತ್ತಾಳೆ, ಸಿಕ್ಕಿಬೀಳುತ್ತಾಳೆ, ಮಾಡಿದ್ದನ್ನು ಒಪ್ಪಿಕೊಳ್ಳುತ್ತಾಳೆ. ಉಳಿದದ್ದೆಲ್ಲ ಅದರ ಪರಿಣಾಮ.

ಇಷ್ಟನ್ನು ಕೇಳಿದ ತರಗತಿಯೊಂದು ಯಾರ ಪಕ್ಷವನ್ನು ವಹಿಸುತ್ತದೆಂಬುದನ್ನು ಹೇಳಬೇಕಾಗಿಲ್ಲ. ವಹಿಸಲಿ, ಅದು ಸಹಜವಾದ, ಆರೋಗ್ಯಕರವಾದ ಸ್ಪಂದನವೇ ಸರಿ. ಆದರೆ ಉಪಾಧ್ಯಾಯರ ಕೆಲಸ ಆರಂಭವಾಗುವುದು ಅಲ್ಲಿಂದ. ಕ್ರಿಯಾನನು ದುಷ್ಟ, ಅಹಂಕಾರಿ ಎಂದು ಬರೆಸಿಬಿಟ್ಟರೆ ವಿದ್ಯಾರ್ಥಿ ತನಗೆ ಮೊದಲೇ ಗೊತ್ತಿದ್ದುದನ್ನು ಮತ್ತೊಮ್ಮೆ ಕಲಿತಂತಾಯಿತು. ಅದರ ಬದಲು ಆತನ ಮೊದಲ ಭಾಷಣವನ್ನು ಅವಸರವಿಲ್ಲದೆ ಓದಿಸಬೇಕು. ಯುದ್ಧ ಮುಗಿದು ಒಂದು ರಾತ್ರಿ ಮಾತ್ರ ಕಳೆದಿದೆ. ಶತ್ರುಗಳು ಓಡಿಹೋದ ಮರುದಿನದ ಮುಂಜಾವು. ಮನುಷ್ಯ ಅಧಿಕಾರಕ್ಕೆ ಬಂದು ಒಂದು ದಿನವೂ ತುಂಬಿಲ್ಲ. ನಾಟಕದ ಮೇಳವಾಗಿರುವ ಊರ ಹಿರಿಯರನ್ನು ಕರೆಸಿ ಆತ ಹೇಳುವುದೇನು? ಆಳುವವನು ಯಾರ ಭಯಕ್ಕೂ ಬಾಯಿ ಕಟ್ಟಿಕೊಳ್ಳದೆ ಉತ್ತಮವಾದ ಆಲೋಚನೆಗೆ ಬದ್ಧನಾಗಿರಬೇಕು, ದೇಶಕ್ಕಿಂತ ಆಪ್ತರನ್ನು ಹೆಚ್ಚೆಂದೆಣಿಸುವವನಿಗೆ ಬೆಲೆಯಿಲ್ಲ, ರಾಜ್ಯವೆಂಬ ನಾವೆ ನೇರವಾಗಿ ಸಾಗಿದರೆ ಮಾತ್ರ ನಮಗೆ ಸ್ನೇಹ ಬಾಂಧವ್ಯಗಳು, ಎಂಬುದು ಆ ಭಾಷಣದ ತಾತ್ಪರ್ಯ. ಇದರಲ್ಲಿ ಅಧರ್ಮವಾದ ಮಾತು ಯಾವುದು? ನಾಟಕ ಪ್ರಯೋಗವಾದ ಸುಮಾರು ನೂರು ವರ್ಷಗಳ ಅನಂತರ, ಕ್ರಿಸ್ತಪೂರ್ವ 343ರಲ್ಲಿ, ವಾಗ್ಮಿ ಡೆಮಾಸ್ತನೀಸ್ ತನ್ನ ಪ್ರತಿಸ್ಪರ್ಧಿಯಾದ ಈಸ್ಕಿನೀಸನ ಮೇಲೆ ಅಥೆನ್ಸಿನ ನ್ಯಾಯಾಲಯದಲ್ಲಿ ಆಪಾದನೆ ಹೊರಿಸಿದಾಗ, ಹಿಂದೆ ನಟನಾಗಿದ್ದು ಕ್ರಿಯಾನನ ಪಾತ್ರವನ್ನು ವಹಿಸಿದ್ದ ಆ ಪ್ರತಿಸ್ಪರ್ಧಿಗೆ ರಾಜಕಾರಣಿಯ ಕರ್ತವ್ಯವನ್ನು ನೆನಪಿಸುವುದಕ್ಕಾಗಿ ಇವೇ ಸಾಲುಗಳನ್ನು ಸಭೆಯಲ್ಲಿ ಓದಿಸಿದನು. ನಾವು ಕ್ರೂರಿಯೆಂದು ಕರೆದು ಕೈತೊಳೆದುಕೊಳ್ಳುವ ಪಾತ್ರದ ಮಾತು, ಆ ನಾಡಿನವರಿಗೆ ಪ್ರಜಾಹಿತದ ಪ್ರಮಾಣವಾಕ್ಯವಾಗಿತ್ತು.

ಶವದ ವಿಚಾರದಲ್ಲಿಯೂ ಹೀಗೆಯೇ. ದೇಶದ್ರೋಹಿಯೆಂದು ನಿರ್ಣೀತನಾದವನನ್ನು ಅಟಿಕಾ ಪ್ರಾಂತದ ನೆಲದಲ್ಲಿ ಹೂಳಕೂಡದೆಂಬ ನಿಯಮ ಅಥೆನ್ಸಿನಲ್ಲಿ ಇದ್ದೇ ಇತ್ತು. ಹೀಗಿರುವಾಗ ಕ್ರಿಯಾನನ ಆಜ್ಞೆಯನ್ನು ಕೇಳಿದ ಪ್ರೇಕ್ಷಕನಿಗೆ ಅದು ಕೇಳರಿಯದ ಅತ್ಯಾಚಾರವೆಂದು ಮೊದಲಿಗೆ ತೋರಿರಲಾರದು. ಆದರೆ ಅಥೆನ್ಸಿನ ನಿಯಮ ಶವವನ್ನು ಗಡಿಯಾಚೆಗೆ ಕಳುಹಿಸುತ್ತಿತ್ತು, ಅಲ್ಲಿ ಬಂಧುಗಳು ಹೂಳಲು ಅವಕಾಶವಿರುತ್ತಿತ್ತು; ಕ್ರಿಯಾನನು ಶವವನ್ನು ಊರೆದುರಿಗೇ ಕೊಳೆಯಲು ಬಿಟ್ಟು ಕಾವಲಿಡುತ್ತಾನೆ. ನ್ಯಾಯದ ದಾರಿಯಲ್ಲಿಯೇ ನಡೆಯುತ್ತಿದ್ದೇನೆಂದುಕೊಂಡವನು ಯಾವ ಹೆಜ್ಜೆಯಲ್ಲಿ ಅದನ್ನು ದಾಟಿದನು? ಈ ಪ್ರಶ್ನೆಯನ್ನು ತರಗತಿಯ ಮುಂದಿಟ್ಟು ಉಪಾಧ್ಯಾಯರು ಸ್ವಲ್ಪ ಹೊತ್ತು ಸುಮ್ಮನಿದ್ದರೆ, 'ದೋಷವೇನು' ಎಂಬ ಪ್ರಶ್ನೆಯಿಂದ ಹುಟ್ಟದ ಆಲೋಚನೆ ಇದರಿಂದ ಹುಟ್ಟುತ್ತದೆ. ಏಕೆಂದರೆ ಇಲ್ಲಿ ಉತ್ತರ ಒಂದು ಗುಣವಾಚಕದಲ್ಲಿ ಅಡಗುವುದಿಲ್ಲ.

ಅಂತಿಗೊನೆಗೂ ಇದೇ ನ್ಯಾಯ ಸಲ್ಲಬೇಕು. ಆಕೆಯನ್ನು ಹಾರಹಾಕಿ ಪೂಜಿಸುವ ಬೋಧನೆ, ಕ್ರಿಯಾನನನ್ನು ಹಳಿಯುವ ಬೋಧನೆಯ ಮತ್ತೊಂದು ಮುಖವಷ್ಟೆ. ಮೊದಲ ದೃಶ್ಯದಲ್ಲಿಯೇ, ರಾಜಾಜ್ಞೆಗೆ ಅಂಜಿ ಹಿಂಜರಿದ ತಂಗಿ ಇಸ್ಮೀನೆಯನ್ನು ಆಕೆ ಎಷ್ಟು ನಿಷ್ಠುರವಾಗಿ ತಳ್ಳಿಬಿಡುತ್ತಾಳೆ! ಆಮೇಲೆ ಅದೇ ಇಸ್ಮೀನೆ ಅಕ್ಕನ ಅಪರಾಧದಲ್ಲಿ ತಾನೂ ಪಾಲುಗೊಂಡೆನೆಂದು ಸುಳ್ಳು ಹೇಳಿ ಸಾಯಲು ಸಿದ್ಧಳಾಗಿ ಬಂದಾಗ, ಆ ಪಾಲನ್ನೂ ಅಕ್ಕ ಕೊಡುವುದಿಲ್ಲ. ಅಂಜುಕುಳಿಯೆಂದು ನಾವು ಎಣಿಸಿದ್ದ ಹುಡುಗಿ ಈಗ ತೋರಿದ್ದು ಎಂಥ ಧೈರ್ಯ, ಧೀರೆಯೆಂದು ಎಣಿಸಿದ್ದವಳ ಹೃದಯದಲ್ಲಿ ಬದುಕಿರುವವರಿಗೆ ಇದ್ದ ಜಾಗವೆಷ್ಟು, ಎಂಬುದು ಕೇಳತಕ್ಕ ಪ್ರಶ್ನೆಯೇ. ಹೆಣ್ಣುಮಕ್ಕಳು ಓದುವ ತರಗತಿಗಳಲ್ಲಿಯಂತೂ ಇಸ್ಮೀನೆಯ ಚರ್ಚೆಯನ್ನು ಬಿಟ್ಟು ಮುಂದೆ ಹೋಗಬಾರದು.

ಸಾವಿನತ್ತ ನಡೆಯುವ ಮುನ್ನ ಅಂತಿಗೊನೆ ಆಡುವ ಮಾತೊಂದು ಎರಡು ಸಾವಿರ ವರ್ಷಗಳಿಗೂ ಮೀರಿ ಓದುಗರನ್ನು ಕಾಡುತ್ತ ಬಂದಿದೆ. ಗಂಡನೋ ಮಗನೋ ಸತ್ತಿದ್ದರೆ ತಾನು ಈ ಸಾಹಸ ಮಾಡುತ್ತಿರಲಿಲ್ಲವೆಂದೂ, ಆ ಸಂಬಂಧಗಳು ಮತ್ತೆ ದೊರೆಯಬಲ್ಲವೆಂದೂ, ತಾಯಿತಂದೆಗಳು ಗತಿಸಿದ ಮೇಲೆ ಒಡಹುಟ್ಟಿದವನು ಮಾತ್ರ ಮತ್ತೆ ಹುಟ್ಟಿಬರಲಾರನೆಂದೂ ಆಕೆ ವಾದಿಸುತ್ತಾಳೆ. ಅರಿಸ್ಟಾಟಲನು ತನ್ನ ಅಲಂಕಾರ ಗ್ರಂಥವೊಂದರಲ್ಲಿ ಇದನ್ನು ಉದಾಹರಣೆಯಾಗಿ ಬಳಸಿಕೊಂಡಿದ್ದಾನೆ. ಗಯಟೆ ಮಹಾಕವಿಯಾದರೋ ಈ ಸಾಲುಗಳು ಪ್ರಕ್ಷಿಪ್ತವೆಂದು ಯಾವ ಪಂಡಿತನಾದರೂ ಸಾಧಿಸಿಕೊಟ್ಟರೆ ಒಳ್ಳೆಯದಿತ್ತೆಂದು ಬಯಸಿದನು. ನಮ್ಮ ವಿದ್ಯಾರ್ಥಿಗೆ ಈ ವಾದ ಅಷ್ಟೊಂದು ಅಪರಿಚಿತವಾಗಿರಬೇಕಾಗಿಲ್ಲ. ವಾಲ್ಮೀಕಿಯ ಯುದ್ಧಕಾಂಡದಲ್ಲಿ, ಮೂರ್ಛಿತನಾಗಿ ಬಿದ್ದ ಲಕ್ಷ್ಮಣನ ಮುಂದೆ ಕುಳಿತ ರಾಮನೂ, ಹೆಂಡತಿಯೂ ನಂಟರೂ ದೇಶದೇಶಗಳಲ್ಲಿ ದೊರೆತಾರು, ಒಡಹುಟ್ಟಿದ ತಮ್ಮನು ದೊರೆಯುವ ದೇಶವನ್ನು ಕಾಣೆನೆಂಬ ಅರ್ಥದಲ್ಲಿ ಪ್ರಲಾಪಿಸುತ್ತಾನೆ. ಅದೂ ಹೆಂಡತಿಗಾಗಿಯೇ ಕೈಗೊಂಡ ಯುದ್ಧದ ನಡುವೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದ ಹುಡುಗನಿಗೆ, ದುಃಖದಲ್ಲಿ ಮನುಷ್ಯ ಆಡುವ ತರ್ಕ ಎಂಥದು, ಅದು ತತ್ತ್ವವೋ ಶೋಕವೋ, ಎಂಬ ವಿಚಾರ ಹೊಳೆಯದಿರಲಾರದು.

ಹಾಗಾದರೆ ಎರಡು ಪಕ್ಷಗಳೂ ಸಮಬಲವೆ? ಹೆಗೆಲ್ ಎಂಬ ತತ್ತ್ವಜ್ಞಾನಿ ಬಹುಮಟ್ಟಿಗೆ ಹಾಗೆಯೇ ತಿಳಿದು, ರಾಜ್ಯಧರ್ಮ ಕುಲಧರ್ಮಗಳೆಂಬ ಎರಡು ಸತ್ಯಗಳ ಘರ್ಷಣೆಯನ್ನು ಈ ನಾಟಕದಲ್ಲಿ ಕಂಡನು. ಈ ವ್ಯಾಖ್ಯಾನದ ಬೆಲೆಯನ್ನು ಒಪ್ಪಿಯೂ ನಾನು ಅದನ್ನು ಪೂರ್ತಿಯಾಗಿ ಒಪ್ಪಲಾರೆ. ಕುರುಡ ಕಾಲಜ್ಞಾನಿ ಟೈರೀಸಿಯಸ್ ಬಂದು, ದೇವತೆಗಳು ಥೀಬ್ಸಿನ ಬಲಿಯನ್ನು ಸ್ವೀಕರಿಸುತ್ತಿಲ್ಲವೆಂದು ತಿಳಿಸಿದಾಗ, ಶವದ ವಿಚಾರದಲ್ಲಿ ಅಂತಿಗೊನೆಯೇ ಸರಿಯೆಂಬುದನ್ನು ನಾಟಕ ಸಂದೇಹಕ್ಕೆಡೆಯಿಲ್ಲದಂತೆ ನಿರ್ಣಯಿಸುತ್ತದೆ. ಕ್ರಿಯಾನನದು ತಪ್ಪು. ಆದರೆ ಆತನ ತಪ್ಪು ಹುಟ್ಟಿದ್ದು ಪ್ರಾಮಾಣಿಕವಾದ ತತ್ತ್ವಗಳಿಂದ, ಊರನ್ನು ಉಳಿಸಬೇಕೆಂಬ ನಿಜವಾದ ಕಾಳಜಿಯಿಂದ. ಈ ಸಂಗತಿಯನ್ನು ಅರಿಯದೆ ಆತನನ್ನು ತಪ್ಪಿತಸ್ಥನೆಂದವನು, ನಾಳೆ ಒಂದು ಕುರ್ಚಿಯ ಮೇಲೆ ಕುಳಿತಾಗ ಅದೇ ತಪ್ಪನ್ನು ಅಷ್ಟೇ ಪ್ರಾಮಾಣಿಕವಾಗಿ ಮಾಡುವನು. ಪೂರ್ವಪಕ್ಷವನ್ನು ಅದರ ಪ್ರತಿಪಾದಕನಿಗಿಂತ ಸಮರ್ಥವಾಗಿ ಮಂಡಿಸಿದ ಮೇಲಲ್ಲದೆ ಸಿದ್ಧಾಂತವನ್ನು ಹೇಳತಕ್ಕದ್ದಲ್ಲವೆಂಬ ನಮ್ಮ ಶಾಸ್ತ್ರಕಾರರ ಪದ್ಧತಿ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಎಳೆಯರಿಗೆ ಇಷ್ಟು ಭಾರ ತರವೆ ಎಂದು ಕೇಳುವವರುಂಟು. ಹುಡುಗುಬುದ್ಧಿಯವರಿಗೆ ಸ್ಪಷ್ಟವಾದ ಒಳಿತು ಕೆಡುಕುಗಳೇ ಸಾಕು, ಸಂದಿಗ್ಧತೆಗಳು ಕಾಲೇಜಿಗಿರಲಿ ಎಂಬುದು ಅವರ ಅಭಿಪ್ರಾಯ. ವಯಸ್ಸಿನ ಸ್ವರೂಪವನ್ನು ಬಲ್ಲವರು ಇದನ್ನು ಒಪ್ಪಲಾರರು. ತಾನು ಗೌರವಿಸುವ ಇಬ್ಬರು ಒಂದೇ ವಿಷಯದಲ್ಲಿ ಬೇರೆ ಬೇರೆ ನಿರ್ಣಯಕ್ಕೆ ಬರುವುದನ್ನೂ, ತಂದೆಯ ಮಾತಿಗೂ ತನ್ನ ಅಂತಃಸಾಕ್ಷಿಗೂ ಹೊಂದಾಣಿಕೆಯಾಗದಿರುವುದನ್ನೂ ಮನುಷ್ಯ ಮೊದಲು ಅನುಭವಿಸುವುದು ಈ ಹದಿನಾಲ್ಕು ಹದಿನೈದರಲ್ಲಿಯೇ. ಅನುಭವ ಬಂದಿದೆ, ಅದಕ್ಕೆ ಭಾಷೆ ಬಂದಿಲ್ಲ. ಆ ಭಾಷೆಯನ್ನು ಒದಗಿಸುವುದಕ್ಕೆ ಸಾಹಿತ್ಯದ ತರಗತಿಗಿಂತ ತಕ್ಕ ಸ್ಥಳ ಯಾವುದು?

ಇನ್ನೊಂದು ಆಕ್ಷೇಪ ಇದಕ್ಕಿಂತ ಗುರುತರವಾದದ್ದು. ಈ ನಾಟಕದಲ್ಲಿ ಅಂತಿಗೊನೆ, ಆಕೆಯ ವರ ಹೀಮನ್, ಆತನ ತಾಯಿ ಯೂರಿಡಿಸೆ, ಮೂವರೂ ತಮ್ಮ ಪ್ರಾಣವನ್ನು ತಾವೇ ಕಳೆದುಕೊಳ್ಳುತ್ತಾರೆ. ಪರೀಕ್ಷೆಯ ಫಲಿತಾಂಶದ ವಾರಗಳಲ್ಲಿ ನಮ್ಮ ಪತ್ರಿಕೆಗಳು ಅಚ್ಚುಮಾಡುವ ಸುದ್ದಿಗಳನ್ನು ಬಲ್ಲ ಯಾವ ಉಪಾಧ್ಯಾಯರೂ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹಾಗೆಂದು ಮುಚ್ಚಿಡುವುದೂ ಪರಿಹಾರವಲ್ಲ. ಗ್ರೀಕ್ ರಂಗದ ಸಂಪ್ರದಾಯದಂತೆ ಈ ಸಾವುಗಳು ಕಣ್ಣೆದುರಿಗೆ ನಡೆಯುವುದಿಲ್ಲ, ದೂತನ ಬಾಯಿಂದ ವರದಿಯಾಗುತ್ತವೆ. ಸಾಫೊಕ್ಲೀಸನ ದೃಷ್ಟಿ ನೆಟ್ಟಿರುವುದು ಸತ್ತವರ ಮೇಲಲ್ಲ, ಉಳಿದವರ ಮೇಲೆ. ಆ ಸಾವುಗಳಿಂದ ಯಾವ ಪ್ರಶ್ನೆಯೂ ಪರಿಹಾರವಾಗುವುದಿಲ್ಲವೆಂಬುದನ್ನೂ, ಹೀಮನನು ಇನ್ನು ಸ್ವಲ್ಪ ಹೊತ್ತು ತಾಳಿದ್ದರೆ ಆತನೆದುರಿಗೆ ನಿಂತವನು ಪಶ್ಚಾತ್ತಾಪಪಟ್ಟ ತಂದೆಯೇ ಆಗಿದ್ದನೆಂಬುದನ್ನೂ ಮಕ್ಕಳು ಗಮನಿಸುವಂತೆ ಮಾಡಬೇಕು. ಯೂರಿಡಿಸೆ ಮಗನ ಸಾವಿನ ವೃತ್ತಾಂತವನ್ನು ಪೂರ್ತಿಯಾಗಿ ಕೇಳಿ, ಒಂದು ಮಾತನ್ನೂ ಆಡದೆ ಅರಮನೆಯ ಒಳಕ್ಕೆ ನಡೆದುಬಿಡುತ್ತಾಳೆ. ಆ ಮೌನಕ್ಕೆ ಮೇಳದ ಹಿರಿಯರು ಅಂಜುತ್ತಾರೆ, ಆದರೂ ಕೂಡಲೇ ಹಿಂದೆ ಹೋಗುವುದಿಲ್ಲ. ಮಾತು ನಿಲ್ಲಿಸಿದವರ ಬಳಿಗೆ ಹೋಗಬೇಕೆಂಬುದನ್ನು ಬಾಯಿಬಿಟ್ಟೇ ಹೇಳಬೇಕಾದ ಸ್ಥಳ ಇದು. ಪಾಠದ ಆ ದಿನ ಯಾವ ವಿದ್ಯಾರ್ಥಿ ತಲೆ ತಗ್ಗಿಸಿ ಕುಳಿತನೆಂಬುದರ ಮೇಲೆ ಉಪಾಧ್ಯಾಯರ ಕಣ್ಣಿರಬೇಕು, ಪೀರಿಯಡ್ ಮುಗಿದ ಮೇಲೆ ಅವನನ್ನು ಕರೆದು ಮಾತನಾಡಿಸುವಷ್ಟು ವಿರಾಮವೂ ಇರಬೇಕು. ಇದಕ್ಕೆ ಸಿದ್ಧರಿಲ್ಲದವರು ಈ ನಾಟಕವನ್ನು ಕೈಗೆತ್ತಿಕೊಳ್ಳದಿರುವುದೇ ಮೇಲು.

ಬೋಧನೆಯ ವಿಧಾನಕ್ಕೆ ಬಂದರೆ, ಕನ್ನಡದ ಉಪಾಧ್ಯಾಯರಿಗೆ ಮಿಕ್ಕವರಿಗಿಲ್ಲದ ಒಂದು ಅನುಕೂಲವಿದೆ. ನಮ್ಮ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಬಳಕೆಯಲ್ಲಿರುವ ತಾಳಮದ್ದಲೆಯಲ್ಲಿ, ವೇಷವೂ ಕುಣಿತವೂ ಇಲ್ಲದೆ, ಭಾಗವತರ ಪದ್ಯವನ್ನು ಹಿಡಿದು ಅರ್ಥಧಾರಿಗಳು ಮಾತಿನಿಂದಲೇ ಪಾತ್ರವನ್ನು ನಿಲ್ಲಿಸುತ್ತಾರೆ. 'ವಾಲಿವಧೆ'ಯಲ್ಲಿ ಬಾಣ ತಾಗಿ ಬಿದ್ದ ವಾಲಿಯ ಅರ್ಥವನ್ನು ಹೇಳುವವರು, ಎದುರಿಗಿರುವವನು ಶ್ರೀರಾಮನೆಂದು ತಮ್ಮ ಪಕ್ಷವನ್ನು ಸಡಿಲಿಸುವುದಿಲ್ಲ; ಮರೆಯಲ್ಲಿ ನಿಂತು ಹೊಡೆದದ್ದಕ್ಕೆ ಉತ್ತರ ಕೇಳಿಯೇ ಕೇಳುತ್ತಾರೆ. ಕೇಳುವ ಜನ ರಾಮಭಕ್ತರು. ಆದರೂ ವಾಲಿಯ ಮಾತು ದುರ್ಬಲವಾದರೆ ಅಂದಿನ ಕೂಟವೇ ಸಪ್ಪೆಯಾಯಿತೆಂದು ಎದ್ದುಹೋಗುತ್ತಾರೆ. ಈ ಕಲೆಯನ್ನು ತರಗತಿಗೆ ತರಬೇಕು. ಅಂತಿಗೊನೆಯ ಪಕ್ಷವನ್ನು ಉತ್ಸಾಹದಿಂದ ವಹಿಸಿದ ವಿದ್ಯಾರ್ಥಿಗೇ ಕ್ರಿಯಾನನ ಅರ್ಥವನ್ನು ವಹಿಸಿ, ಒಂದು ವಾರ ಸಿದ್ಧತೆಗೆ ಅವಕಾಶಕೊಟ್ಟು, ಎದುರಾಳಿಯ ಮುಂದೆ ಕೂರಿಸಬೇಕು. ಮರುವಾರ ಪಾತ್ರಗಳು ಬದಲಾಗಬೇಕು. ದಕ್ಷಿಣ ಆಫ್ರಿಕದ ರಾಬನ್ ದ್ವೀಪದ ಸೆರೆಮನೆಯಲ್ಲಿ ಬಂದಿಗಳು ಈ ನಾಟಕವನ್ನು ಆಡಿದಾಗ ನೆಲ್ಸನ್ ಮಂಡೇಲಾ ವಹಿಸಿದ್ದು ಬಂಡೆದ್ದ ಹುಡುಗಿಯ ಪಾತ್ರವನ್ನಲ್ಲ, ಕ್ರಿಯಾನನ ಪಾತ್ರವನ್ನು. 1994ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಮುಂದೆ ದೇಶವನ್ನು ಆಳಬೇಕಾಗಿದ್ದ ಬಂದಿಯೊಬ್ಬನು, ಆಳುವವನು ಎಲ್ಲಿ ಎಡವುತ್ತಾನೆಂಬುದನ್ನು ಆಳುವವನ ಬಾಯಿಂದಲೇ ಆಡಿ ಅರಿತದ್ದು ನನಗೆ ಬಹು ಅರ್ಥವತ್ತಾಗಿ ಕಾಣುತ್ತದೆ.

ಗಟ್ಟಿಯಾಗಿ ಓದದೆ ಈ ನಾಟಕ ತೆರೆದುಕೊಳ್ಳುವುದಿಲ್ಲ. ಕ್ರಿಯಾನ್ ಮತ್ತು ಹೀಮನರ ದೃಶ್ಯವನ್ನೇ ನೋಡಿ. ತಂದೆ ಸುಮಾರು ನಲವತ್ತು ಸಾಲು ಮಾತನಾಡುತ್ತಾನೆ, ಮಗನೂ ಹೆಚ್ಚುಕಡಮೆ ಅಷ್ಟೇ ಸಾಲು; ಕವಿ ತಕ್ಕಡಿಯನ್ನು ಸಮವಾಗಿ ಹಿಡಿದಿದ್ದಾನೆ. ಮಗನ ಮಾತಿನಲ್ಲಿ ಎಳ್ಳಷ್ಟೂ ಉದ್ಧಟತನವಿಲ್ಲ: ನಿನ್ನ ಮುಖಕ್ಕಂಜಿ ಜನ ಆಡದಿರುವುದನ್ನು ನಾನು ಕತ್ತಲಲ್ಲಿ ಕೇಳಿಸಿಕೊಂಡಿದ್ದೇನೆಂದು ತಿಳಿಸಿ, ಪ್ರವಾಹದಲ್ಲಿ ಬಾಗುವ ಮರ ರೆಂಬೆಗಳನ್ನು ಉಳಿಸಿಕೊಳ್ಳುವುದನ್ನೂ ಬಾಗದ ಮರ ಬುಡಸಹಿತ ಹೋಗುವುದನ್ನೂ ನೆನಪಿಸುತ್ತಾನೆ. ಇಬ್ಬರೂ ಒಬ್ಬರಿಂದೊಬ್ಬರು ಕಲಿಯಬಹುದೆಂದು ಮೇಳ ನಡುವೆ ಸೂಚಿಸುತ್ತದೆ. ಆ ಕ್ಷಣದಲ್ಲಿ ಎಲ್ಲವೂ ಉಳಿಯಬಹುದಿತ್ತು. ಆದರೆ ತಂದೆ, ಈ ವಯಸ್ಸಿನ ನಾವು ಈ ವಯಸ್ಸಿನವನಿಂದ ಬುದ್ಧಿ ಕಲಿಯಬೇಕೆ ಎಂದುಬಿಡುತ್ತಾನೆ. ಅಲ್ಲಿಂದ ಮುಂದೆ ದೀರ್ಘವಾದ ಮಾತುಗಳು ಕಡಿದು, ಒಂದು ಸಾಲಿಗೆ ಒಂದು ಸಾಲು ಏಟಿನಂತೆ ಬೀಳತೊಡಗುತ್ತದೆ. ಮನೆಯ ಜಗಳಗಳ ಗತಿಯನ್ನು ಇದಕ್ಕಿಂತ ಯಥಾರ್ಥವಾಗಿ ಯಾರು ಬರೆದಾರು? ಇದನ್ನು ಇಬ್ಬರು ವಿದ್ಯಾರ್ಥಿಗಳು ಎದುರುಬದುರು ನಿಂತು ಓದಿದರೆ, ಮಾತು ಎಲ್ಲಿ ಕಿರಿದಾಯಿತೆಂಬುದು ವ್ಯಾಖ್ಯಾನದ ನೆರವಿಲ್ಲದೆಯೇ ಅವರ ಕಿವಿಗೆ ತಿಳಿಯುತ್ತದೆ.

ಕಡೆಯಲ್ಲಿ ಕ್ರಿಯಾನನು ಮನಸ್ಸು ಬದಲಿಸುತ್ತಾನೆ. ಮೊದಲು ಹೋಗಿ, ನೀನು ಜೀವಂತವಾಗಿ ಗುಹೆಯಲ್ಲಿ ಮುಚ್ಚಿಸಿದ ಹುಡುಗಿಯನ್ನು ಬಿಡಿಸು, ಆಮೇಲೆ ಸತ್ತವನಿಗೆ ಸಮಾಧಿ ಮಾಡು, ಇದು ಮೇಳದ ಹಿರಿಯರು ಆತನಿಗೆ ಹೇಳಿದ ಕ್ರಮ. ಆತನು ಅವಸರದಿಂದ ಹೊರಡುತ್ತಾನೆ. ಆದರೆ ದೂತನ ವರದಿಯಂತೆ ಮೊದಲು ಶವವಿದ್ದಲ್ಲಿಗೆ ಹೋಗಿ, ಅದನ್ನು ತೊಳೆಸಿ, ದಹಿಸಿ, ಮಣ್ಣಿನ ದಿಬ್ಬವನ್ನು ಎಬ್ಬಿಸಿ, ಅನಂತರ ಗುಹೆಯ ಕಡೆಗೆ ತಿರುಗುತ್ತಾನೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಏಕೆ ಹಾಗೆ ಮಾಡಿದನೆಂಬುದಕ್ಕೆ ಸಾಫೊಕ್ಲೀಸ್ ಒಂದಕ್ಷರದ ಸಮಾಧಾನವನ್ನೂ ಕೊಟ್ಟಿಲ್ಲ. ದೇವತೆಗಳ ಕೋಪಕ್ಕೆ ಅಂಜಿ ಅವರ ಋಣವನ್ನು ಮೊದಲು ತೀರಿಸಹೋದನೆ? ಬದುಕಿರುವ ಹುಡುಗಿಯನ್ನು ಎದುರಿಸುವುದಕ್ಕಿಂತ ಸತ್ತವನನ್ನು ಎದುರಿಸುವುದು ಸುಲಭವೆನಿಸಿತೆ? ಗುಹೆಯಲ್ಲಿ ಹುಡುಗಿ ಇನ್ನೂ ಬಹಳ ಹೊತ್ತು ಬದುಕಿರುವಳೆಂದು ನಂಬಿದನೆ? ವಿದ್ಯಾರ್ಥಿಗಳು ಈ ಮೂರನ್ನೂ ಹೇಳಬಲ್ಲರು, ನಾವು ಊಹಿಸದ ನಾಲ್ಕನೆಯದನ್ನೂ ಹೇಳಬಲ್ಲರು. ಯಾವುದನ್ನೂ ಸರಿಯುತ್ತರವೆಂದು ಕಪ್ಪುಹಲಗೆಯ ಮೇಲೆ ಬರೆಯಬಾರದು.

ಈ ಮಾತಿಗೆ ನಮ್ಮ ಪರೀಕ್ಷಾಪದ್ಧತಿ ಅಡ್ಡಬರುತ್ತದೆಂಬುದು ನಿಜ. ಇಡೀ ನಾಟಕದಿಂದ ಒಂದು ದೃಶ್ಯವನ್ನು ಕತ್ತರಿಸಿ ಪಠ್ಯಪುಸ್ತಕಕ್ಕೆ ಸೇರಿಸಿ, ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿರೆಂದು ಕೇಳಿ, ಗೈಡಿನಲ್ಲಿರುವ ಸ್ವಾರಸ್ಯಕ್ಕೆ ಅಂಕ ಕೊಡುವವರೆಗೆ, ಎರಡು ಪಕ್ಷಗಳನ್ನು ಕಡೆಯವರೆಗೆ ಕೇಳುವ ಅಭ್ಯಾಸ ಬೆಳೆಯುವುದು ಸಾಧ್ಯವಿಲ್ಲ; ದುರಂತ ನಾಟಕದ ತುಣುಕೆಂದರೆ ವಾದಿಯ ಹೇಳಿಕೆಯನ್ನು ಮಾತ್ರ ಕೇಳಿ ತೀರ್ಪು ಕೊಟ್ಟಂತೆ. ಹತ್ತನೆಯ ತರಗತಿಯ ಮೇಲೆ ಸಾರ್ವಜನಿಕ ಪರೀಕ್ಷೆಯ ಭಾರವಿರುವುದರಿಂದ ಅದನ್ನು ಬಿಡೋಣ. ಒಂಬತ್ತನೆಯ ತರಗತಿಯಲ್ಲಿ, ವರ್ಷಕ್ಕೆ ಒಂದು ದುರಂತ ನಾಟಕವನ್ನು, ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ, ಪ್ರಶ್ನಪತ್ರಿಕೆಯ ಹಂಗಿಲ್ಲದೆ ಗಟ್ಟಿಯಾಗಿ ಓದಿ ಚರ್ಚಿಸುವುದಕ್ಕೆ ಹತ್ತು ಹನ್ನೆರಡು ಪೀರಿಯಡ್ಡುಗಳು ಸಾಕು. ಅಷ್ಟು ಅವಧಿಯನ್ನು ಪಠ್ಯಕ್ರಮವನ್ನು ರೂಪಿಸುವವರು ಕನ್ನಡದ ಉಪಾಧ್ಯಾಯರಿಗೆ ಬಿಟ್ಟುಕೊಡಲಿ. ಅವರು ಬಿಟ್ಟುಕೊಡುವವರೆಗೆ, ಉಪಾಧ್ಯಾಯರು ಆಟೋಟದ ದಿನಗಳ ನಡುವಿನ ಖಾಲಿ ಅವಧಿಗಳಲ್ಲಿಯಾದರೂ ಈ ವರ್ಷವೇ ಒಮ್ಮೆ ಆರಂಭಿಸಲಿ.